ಕೊಳಕಲ್ಲ, ಕಳ್ಳನಲ್ಲ, ಕ್ಳಕ್

ಪ್ರೀತಿಯ ಅಪ್ಪಾ,

ಗಾಬರಿಯಾಗಬೇಡ, ಇದು ಫೋನಲ್ಲ, ಕಾಗದ. ನಾನು ಇಲ್ಲಿ ಫೋನಿಗೆ ಬಾಯಿಟ್ಟು ಹೇಳುತ್ತಾ ಹೋಗುತ್ತೇನೆ. ಅಕ್ಕ ಅಲ್ಲಿ ಅಡುಗೆಮನೆಯಲ್ಲಿ ಕೂತು, ನಿನಗೆ ಕೇಳಿಸದ ಹಾಗೆ ಕಿವಿಗೆ ಸಿಕ್ಕಿಸಿಕೊಂಡು ಕೇಳಿ, ದಪ್ಪ ಅಕ್ಷರದಲ್ಲಿ ಬರೆದು ನಿನ್ನ ಮುಂದೆ ಇಡುತ್ತಾಳೆ. ಬೇಕಾದರೆ ಓದಿ ಹೇಳುತ್ತಾಳೆ, ಬೇಡ ಅಂದರೆ ಮಡಿಚಿ ದಿಂಬಿನ ಕೆಳಗೆ ಇಡುತ್ತಾಳೆ. ನನ್ನ ಮಾತನ್ನು ತಿದ್ದುವ ಕೆಲಸವೂ ಅವಳದೇ. "ನೀನು ಹೇಳಿದ ಹಾಗೇ ಬರೆದ್ರೆ ಅಪ್ಪ ಮೊದಲು ಕೆಂಪು ಪೆನ್ನು ಹುಡುಕ್ತಾನೆ ಕಣೋ" ಅಂದಳು. ಹುಡುಕಲಿ ಅಂದೆ. ಎಡಗೈಯಲ್ಲಾದರೂ ಹಿಡಿಯಲಿ ಅಂದೆ.

ಪಾಳಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತಿದ್ದೇನೆ. ಕೋಣೆಯಲ್ಲಿ ಜೊತೆಗಾರ ಮಲಗಿದ್ದಾನೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವನು, ಎಲ್ಲರೂ ಅವನನ್ನು ಫ್ಯೂಸ್ ಅಂತಲೇ ಕರೆಯುವುದು. ಬೂಟು ಬಿಚ್ಚುವ ಶಕ್ತಿಯೂ ಉಳಿದಿಲ್ಲ, ಆದರೆ ನಿದ್ದೆ ಮಾತ್ರ ಹತ್ತಿರ ಸುಳಿಯುವುದಿಲ್ಲ. ಮೈ ಹಾಸಿಗೆ ಕೇಳುತ್ತದೆ, ತಲೆ ಇನ್ನೂ ಅಂಗಳದಲ್ಲೇ ಸುತ್ತುತ್ತಿರುತ್ತದೆ.

ನನ್ನ ಕೆಲಸ ಏನು ಅಂತ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಬಂದರಿನ ಅಂಗಳದಲ್ಲಿ ಹಣ್ಣು, ಮೀನು, ಔಷಧಿ ತುಂಬಿದ ತಣ್ಣನೆಯ ಕಂಟೇನರುಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಪ್ಲಗ್ಗು ಸರಿಯಾಗಿ ಕೂತಿದೆಯಾ, ಒಳಗಿನ ತಂಪು ಇರಬೇಕಾದಷ್ಟು ಇದೆಯಾ ಅಂತ ನೋಡುತ್ತಾ ನಡೆಯುವುದು. ಅಷ್ಟೇ. ಎರಡೂ ಕಡೆ ಕಬ್ಬಿಣದ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ಬಾಗಿಲು ತೆಗೆದು ಒಳಗೆ ನೋಡುವ ಹಾಗಿಲ್ಲ. ಹೊರಗಿನ ಸಣ್ಣ ಪರದೆಯಲ್ಲಿ ಕಾಣುವ ಅಂಕಿಯೇ ಒಳಗಿನ ಸಮಾಚಾರ.

ಹಾಗಾಗಿ ನಾನು ಅಮ್ಮನಿಗೆ, "ಕಂಟೇನರಲ್ಲಿ ಕಾಮಿಕ್ಸ್ ಇಳಿಸ್ತಿದೀನಿ ಕಣಮ್ಮ" ಅಂದಾಗ ಅವಳು ಹೌಹಾರಿಬಿಟ್ಟಳು. "ಆ ಡಬ್ಬಿ ಒಳಗೆ ಕೂತ್ಕೊಂಡಾ? ಉಸಿರು ಕಟ್ಟಲ್ವೇನೋ? ಮೇಲಿನವರು ನೋಡಿದ್ರೆ ಏನು ಗತಿ? ಅಷ್ಟು ದೂರ ಹೋಗಿ ಕಾಮಿಕ್ಸ್ ಓದೋ ಚಟ ಬೇರೆ!" ಇದು ಆ ಕಂಟೇನರಲ್ಲ, ಕಂಪ್ಯೂಟರಿನ ಒಳಗಿನದು ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ನಿನ್ನ ಹತ್ತಿರವೂ ದೂರು ಬಂದಿರಬೇಕು.

ಈ ಕಥೆ ನಿನಗೆ ಮೊದಲಿಂದ ಹೇಳಬೇಕು. ನಿನ್ನದೇ ಕಥೆ, ಆದರೂ ನಿನಗೆ ಗೊತ್ತಿಲ್ಲದ್ದು.

ನಿನ್ನ ತಲೆಯಲ್ಲಿ ರಕ್ತನಾಳ ಕಟ್ಟಿಕೊಂಡು ಬಲಗೈಯೂ ಮಾತೂ ಒಟ್ಟಿಗೆ ಹೋದ ಮೇಲೆ, ಮೊದಮೊದಲು ನಿನ್ನ ಬಾಯಿಂದ ಏನೂ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗಾಳಿಗೆ ಬಾಗಿಲು ಬಡಿದಾಗ ನೀನು "ಧಡಾರ್" ಅಂದೆಯಂತೆ. ಅಮ್ಮ ಅಳುತ್ತಾ ಫೋನು ಮಾಡಿದಳು, ಮಾತು ಬಂತು, ಮಾತು ಬಂತು ಅಂತ. ಮಾತಲ್ಲ, ಸದ್ದು ಬಂದಿತ್ತು. ನೀರು ಬೇಕಾದರೆ "ಗುಳುಂ." ಹಸಿವಾದರೆ "ಚುಂಯ್," ಕಾದ ಎಣ್ಣೆಯ ಸದ್ದು. ಕೈಕಾಲು ತಿರುಚಿ ವ್ಯಾಯಾಮ ಮಾಡಿಸಲು ಬರುವ ಆ ಗಟ್ಟಿಮುಟ್ಟಾದ ಹೆಂಗಸನ್ನು ಕಂಡರೆ "ಢಮಾರ್!" ಆಕೆಗೂ ಅದು ಗೊತ್ತು. ಈಗ ಬಾಗಿಲಲ್ಲಿ ನಿಂತು "ಢಮಾರ್ ಬಂದಿದ್ದೀನಿ ಯಜಮಾನ್ರೇ" ಅಂತಲೇ ಕೂಗುತ್ತಾಳಂತೆ.

ಡಾಕ್ಟರಿಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಮಾತು ಹೋದವರಲ್ಲೂ ಕೆಲವರಿಗೆ ಹಾಡು ಉಳಿಯುತ್ತದೆ, ಕೆಲವರಿಗೆ ಬೈಗುಳ ಉಳಿಯುತ್ತದೆ, ಅವು ಬೇರೆ ಜಾಗದಲ್ಲಿ ಇರುತ್ತವೆ ಅಂದರು. ನಿನಗೆ ನಿನ್ನ ಕಸುಬು ಉಳಿದಿತ್ತು.

ಮುದ್ರಣಾಲಯದಲ್ಲಿ ನಿನ್ನನ್ನು ಬಲೂನ್ ಮೇಷ್ಟ್ರು ಅನ್ನುತ್ತಿದ್ದರಲ್ಲ. ಬೇರೆ ದೇಶದ ಕಾಮಿಕ್ಸ್ ಪುಟಗಳು ಮಾತಿನ ಬಲೂನು ಖಾಲಿ ಮಾಡಿಕೊಂಡು ಬರುತ್ತಿದ್ದವು, ನೀನು ನಿಬ್ಬನ್ನು ಕಪ್ಪು ಶಾಯಿಯಲ್ಲಿ ಅದ್ದಿ ನಮ್ಮ ಅಕ್ಷರ ತುಂಬುತ್ತಿದ್ದೆ. ಅನುವಾದಕರ ವಾಕ್ಯ ಉದ್ದವಾದರೆ ಕತ್ತರಿಸುತ್ತಿದ್ದೆ. "ಬಲೂನಿಗೆ ಹಿಡಿಸದೇ ಇದ್ರೆ ಅದು ಬೇಡದ ಮಾತು" ಅನ್ನುತ್ತಿದ್ದೆ. ಸದ್ದುಗಳನ್ನು ಮಾತ್ರ ಅನುವಾದಕರು ಮುಟ್ಟುತ್ತಲೇ ಇರಲಿಲ್ಲ. "ಅದೆಲ್ಲ ನೀವೇ ನೋಡ್ಕೊಳ್ಳಿ ಮೇಷ್ಟ್ರೇ" ಅಂತ ನಿನ್ನ ತಲೆಗೆ ಕಟ್ಟುತ್ತಿದ್ದರು. ನೀನು ಮನೆಗೆ ಬಂದು ಮುಚ್ಚಳ ಬೀಳಿಸುತ್ತಿದ್ದೆ, ಚಿಲಕ ಎಳೆಯುತ್ತಿದ್ದೆ, ತಟ್ಟೆಯನ್ನು ಗೋಡೆಗೆ ತಾಗಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅಮ್ಮ ಒಳಗಿನಿಂದ, "ಇನ್ನೊಂದು ಪಾತ್ರೆ ಬಿದ್ರೆ ನಿಮ್ಮನ್ನೇ ಎತ್ತಿ ಹಾಕ್ತೀನಿ, ಆಗ ಬರೋ ಸದ್ದು ಬರ್ಕೊಳ್ಳಿ!" ಊರವರ ಮಾತೆಲ್ಲ ಬರೆಯುವ ಮನುಷ್ಯ ಮನೆಯಲ್ಲಿ ಬಾಯಿ ಬಿಡುವುದಿಲ್ಲ ಅನ್ನುವುದು ಅವಳ ಇನ್ನೊಂದು ದೂರು.

ಒಂದು ಸದ್ದನ್ನು ಎರಡು ವಸ್ತುವಿಗೆ ಕೊಡಬಾರದು ಅನ್ನುವುದು ನಿನ್ನ ಕಾನೂನು. ಇನ್ನೊಂದು, ಕಬ್ಬಿಣದ ಸದ್ದಿಗೆ ಲ ಬಳಸಬಾರದು. "ಲ ಅಂದ್ರೆ ರಬ್ಬರ್ ಕಣೋ. ಗಟ್ಟಿ ಸಾಮಾನಿಗೆಲ್ಲ ಳ ಹಾಕ್ಬೇಕು, ಒತ್ತು ಕೊಟ್ಟು ಹಾಕ್ಬೇಕು." ನಿನ್ನ ಆ ಳ ಒತ್ತು ದಪ್ಪಗೆ, ಚೌಕಟ್ಟಿನ ಗೆರೆಯಿಂದ ಆಚೆಗೆ ಕಾಲು ಚಾಚಿಕೊಂಡು ಮಲಗಿದ ಹಾಗೆ ಇರುತ್ತಿತ್ತು.

ಈ ಸದ್ದುಗಳ ನಡುವೆ ಒಂದೇ ಒಂದು ನಮಗೆ ಬಗೆಹರಿಯಲಿಲ್ಲ. ದಿನಾ ಸಂಜೆ ನೀನು ಅದನ್ನು ಹೇಳುತ್ತಿದ್ದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಎಡಗೈಯಿಂದ ಹಾಸಿಗೆ ಗುದ್ದುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು. ಅಮ್ಮನಿಗೆ ಅದು "ಕೊಳಕು" ಅಂತ ಕೇಳಿಸಿತು. ಪಾಪ, ಒದ್ದೆಯಾಗಿರಬೇಕು, ಹೇಳಲು ನಾಚಿಕೆ ಅಂತ ದಿನಾ ಸಂಜೆ ನಿನ್ನ ಅಂಗಿ ಬದಲಾಯಿಸಿದಳು, ಹೊದಿಕೆ ಒಗೆದಳು, ನೆಲ ಒರೆಸಿದಳು. "ನಾನು ಇಷ್ಟು ಚೊಕ್ಕಟ ಇಟ್ರೂ ಕೊಳಕು ಅಂತಾರಲ್ಲ" ಅಂತ ಅವಳಿಗೆ ಒಳಗೊಳಗೇ ನೋವು. ಅಕ್ಕನಿಗೆ ಅದು "ಕಳ್ಳ" ಅಂತ ಕೇಳಿಸಿತು. ಅವಳು ಕಿಟಕಿಗೆಲ್ಲ ಹೊಸ ಚಿಲಕ ಹಾಕಿಸಿದಳು, ಸಂಜೆಯಾದರೆ ನಿನ್ನ ಕಣ್ಣೆದುರಿಗೇ ಬೀಗ ಜಗ್ಗಿ ತೋರಿಸಿದಳು. ಒಬ್ಬಳು ಒಗೆಯುತ್ತಾಳೆ, ಇನ್ನೊಬ್ಬಳು ಬೀಗ ಹಾಕುತ್ತಾಳೆ, ನೀನು ಮಧ್ಯದಲ್ಲಿ ಕೂತು ಅದನ್ನೇ ಕೂಗುತ್ತೀಯ. ನಾನು ಫೋನಿನ ಪರದೆಯಲ್ಲಿ ಇದನ್ನೆಲ್ಲ ನೋಡುತ್ತಿದ್ದೆ. ನನಗೆ ಅದು ಕೊಳಕೂ ಅಲ್ಲ, ಕಳ್ಳನೂ ಅಲ್ಲ ಅನ್ನಿಸಿತು. ಅದರಲ್ಲಿ ನಿನ್ನ ಳ ಒತ್ತು ಇತ್ತು. ಕ್ಳಕ್.

ಅದೊಂದು ಸದ್ದು, ಯಾವುದೋ ಒಂದೇ ವಸ್ತುವಿನದು, ಯಾವುದೋ ಚೌಕಟ್ಟಿನಲ್ಲಿ ನೀನೇ ಬರೆದದ್ದು. ಆ ಚೌಕಟ್ಟು ಸಿಕ್ಕರೆ ನೀನು ಏನು ಕೇಳುತ್ತಿದ್ದೀಯ ಅಂತ ಗೊತ್ತಾಗುತ್ತದೆ. ಆದರೆ ನಮ್ಮ ಮನೆಯ ಕಾಮಿಕ್ಸ್ ಕಟ್ಟುಗಳೆಲ್ಲ ಮನೆ ಬದಲಿಸಿದಾಗಲೇ ರದ್ದಿಗೆ ಹೋಗಿದ್ದವು. ಮುದ್ರಣಾಲಯ ಮುಚ್ಚಿ ಎಷ್ಟೋ ಕಾಲವಾಗಿದೆ. ನಿನಗೆ ಬೀಗ, ಚಮಚ, ಗಡಿಯಾರ, ಕತ್ತರಿ ಎಲ್ಲ ತೋರಿಸಿ ಕೇಳಿದೆವು. ಪ್ರತಿಯೊಂದಕ್ಕೂ ನೀನು ಮುಖ ತಿರುಗಿಸಿದೆ.

ಹಳೆಯ ಕಾಮಿಕ್ಸ್ ಹುಚ್ಚಿನವರು ಕೆಲವರು ತಮ್ಮ ಹತ್ತಿರ ಉಳಿದ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಹಂಚಿಕೊಳ್ಳುತ್ತಿದ್ದಾರೆ, ಪ್ರಕಾಶಕರ ಮಗಳೇ ಒಪ್ಪಿಗೆ ಕೊಟ್ಟಿದ್ದಾಳೆ ಅಂತ ಗೊತ್ತಾಯಿತು. ಆದರೆ ಅವು ಹತ್ತು ಕಡೆ ಚೆಲ್ಲಿಕೊಂಡಿದ್ದವು. ಇವತ್ತು ಇದ್ದದ್ದು ನಾಳೆ ಇರುತ್ತಿರಲಿಲ್ಲ. ಪಾಳಿಯಿಂದ ಬಂದು ನಾನೇ ಕೂತು ಹುಡುಕುವುದು ಆಗದ ಮಾತು. ಆಗ ಫ್ಯೂಸ್ ಅಂಗಡಿಯಿಂದ ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ತಂದು ಚಪ್ಪಲಿ ಗೂಡಿನ ಮೇಲಿಟ್ಟ. "ಇದಕ್ಕೊಂದು ಮೇನೇಜರ್ ಹಾಕೋಣ. ನೀನು ಮಲಗು, ಅದು ಹುಡುಕುತ್ತೆ."

ಅದು ಕಾಮಿಕ್ಸ್ ಇಳಿಸುವುದಕ್ಕೆಂದೇ ಇರುವ ಮೇನೇಜರ್ ಅಪ್ಪಾ. ಸರಣಿಯ ಹೆಸರು ಕೊಟ್ಟರೆ, ಯಾವ ಸಂಚಿಕೆ ನಮ್ಮ ಹತ್ತಿರ ಇಲ್ಲವೋ ಅದರ ಪಕ್ಕದಲ್ಲಿ 'ಬೇಕು' ಅಂತ ಗುರುತು ಹಾಕಿಕೊಂಡು ಹುಡುಕುತ್ತಲೇ ಇರುತ್ತದೆ. ಸಿಕ್ಕಿದರೆ ಇಳಿಸಿ, ಹೆಸರು ಸರಿ ಮಾಡಿ, ಸಾಲಾಗಿ ಜೋಡಿಸುತ್ತದೆ. ಬೇಸರ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಓಡಿಸುವುದು ಕಂಟೇನರಿನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ. ತನಗೆ ಬೇಕಾದ ಸಾಮಾನೆಲ್ಲ ಅದರೊಳಗೇ ಇರುತ್ತದೆ, ಹೊರಗಿನದ್ದು ಯಾವುದೂ ಅದಕ್ಕೆ ಕಾಣುವುದಿಲ್ಲ. ಕೆಟ್ಟರೆ ಎಸೆದು ಅಂಥದ್ದೇ ಇನ್ನೊಂದು ತಂದು ಕೂರಿಸಬಹುದು.

ನಾನು ಮಾಡಿದ ಎಡವಟ್ಟು ಅಲ್ಲೇ. ಇಳಿದ ಸಂಚಿಕೆಗಳನ್ನೆಲ್ಲ ಪೆಟ್ಟಿಗೆಯ ಒಳಗೇ ಇಡುವ ಹಾಗೆ ಬಿಟ್ಟಿದ್ದೆ, ಹೊರಗಿನ ಫೋಲ್ಡರಿಗೆ ಗಂಟು ಹಾಕಿರಲಿಲ್ಲ. ಹೊಸ ಆವೃತ್ತಿ ಬಂದಿದೆ ಅಂತ ಹಳೆಯ ಪೆಟ್ಟಿಗೆ ತೆಗೆದು ಹೊಸದು ಹಾಕಿದೆ. ನೋಡಿದರೆ ಎಲ್ಲ ಬಟ್ಟಬರಿದು. ಮೇನೇಜರ್ ನನ್ನನ್ನು ಈಗಷ್ಟೇ ಕಂಡವರ ಹಾಗೆ, ನಿಮಗೆ ಯಾವ ಸರಣಿ ಬೇಕು ಅಂತ ಕೇಳುತ್ತಿತ್ತು. ಫ್ಯೂಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. "ಒಳಗಿಟ್ಟಿದ್ದು ಒಳಗೇ ಹೋಯ್ತು ಕಣೋ. ಉಳಿಬೇಕು ಅಂದ್ರೆ ಹೊರಗಿಡಬೇಕಿತ್ತು." ನನಗೆ ನಗು ಬರಲಿಲ್ಲ. ಆ ಖಾಲಿ ಪರದೆಯನ್ನು ನೋಡುತ್ತಾ, ಆಸ್ಪತ್ರೆಯಿಂದ ಬಂದ ಮೊದಲ ದಿನ ನೀನು ಅಕ್ಕನನ್ನು ಯಾರೋ ಅನ್ನುವ ಹಾಗೆ ನೋಡಿದ್ದು ನೆನಪಾಯಿತು. ಆಮೇಲೆ "ಧಡಾರ್" ನೆನಪಾಯಿತು. ಏನೋ ಒಂದನ್ನು ನೀನು ಹೊರಗೆ ಇಟ್ಟಿದ್ದೆಯಲ್ಲ.

ಮತ್ತೆ ಮೊದಲಿಂದ ಶುರು. ಈ ಸಲ ಹೊರಗಿನ ಫೋಲ್ಡರಿಗೆ ಗಂಟು ಹಾಕಿದೆ. ಸಂಚಿಕೆಗಳು ಬಂದವು, ಆದರೆ ತೆರೆಯಲು ಹೋದರೆ ಕಂಪ್ಯೂಟರ್ 'ನಿನಗೆ ಅನುಮತಿ ಇಲ್ಲ' ಅಂತು. ಪೆಟ್ಟಿಗೆಯೊಳಗಿನ ಮೇನೇಜರ್ ಅವನ್ನು ಬೇರೆ ಯಾರದೋ ಹೆಸರಿನಲ್ಲಿ ಬರೆದಿಟ್ಟಿತ್ತಂತೆ. ನನ್ನದೇ ಕಂಪ್ಯೂಟರ್, ನಮ್ಮಪ್ಪನದೇ ಅಕ್ಷರ, ನೋಡಲು ನನಗೆ ಹಕ್ಕಿಲ್ಲ! ಬಂದರಿನ ಗೇಟಿನಲ್ಲಿ ದಿನಾ ಗುರುತಿನ ಚೀಟಿ ತೋರಿಸಿ ಸಾಕಾದವನಿಗೆ ಕೋಣೆಯಲ್ಲೂ ಅದೇ ಹಾಡು. ಅದನ್ನು ಸರಿ ಮಾಡುವಷ್ಟರಲ್ಲಿ ಫ್ಯೂಸ್‌ಗೂ ನನಗೂ ಜಗಳವಾಗಿ, ಒಂದು ದಿನ ಮಾತು ಬಿಟ್ಟು, ಅವನೇ ಚಹಾ ತಂದು ಕೊಟ್ಟ.

ಮೇನೇಜರಿಗೆ ನಮ್ಮ ಭಾಷೆಯ ಸರಣಿಗಳ ಪರಿಚಯವೇ ಇಲ್ಲ. ಮೂಲದ ಹೆಸರು ಕೊಟ್ಟರೆ ಮೂಲವನ್ನೇ ತರುತ್ತಿತ್ತು. ನಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರು. ಎಲ್ಲ ಥರವನ್ನೂ ಕೈಯಾರೆ ತುಂಬಿಸಿದೆ. ಕಪ್ಪು ಕೋಟಿನ ಪತ್ತೇದಾರನ ಸರಣಿ ಮೊದಲು ಪೂರ್ತಿ ಸಿಕ್ಕಾಗ ಕುಣಿದಾಡಿಬಿಟ್ಟೆ. ತೆರೆದು ನೋಡಿದರೆ ಅದು ಆಮೇಲಿನ ಮರುಮುದ್ರಣ. ಅದೇ ಚಿತ್ರ, ಅದೇ ಬಲೂನು, ಒಳಗೆ ಕಂಪ್ಯೂಟರ್ ಅಕ್ಷರ. ಎಲ್ಲ ಒಂದೇ ಅಳತೆ, ಒಂದೇ ದಪ್ಪ. ಬಾಗಿಲು, ಬೀಗ, ಬಂದೂಕು, ಎಲ್ಲದಕ್ಕೂ 'ಕ್ಲಿಕ್'. ಲ ಹಾಕಿದ್ದರು ಅಪ್ಪಾ. ನೀನು ನೋಡಿದ್ದರೆ ಊಟ ಬಿಡುತ್ತಿದ್ದೆ. ಅದನ್ನೆಲ್ಲ ಅಳಿಸಿ, ಮೊದಲ ಮುದ್ರಣಕ್ಕೆ ಮತ್ತೆ 'ಬೇಕು' ಗುರುತು ಹಾಕಿ ಮಲಗಿದೆ. ಆವತ್ತು ಸಾಕಪ್ಪಾ ಸಾಕು ಅನ್ನಿಸಿತ್ತು. ಲ್ಯಾಪ್‌ಟಾಪಿನ ಫ್ಯಾನು ಚಪ್ಪಲಿ ಗೂಡಿನ ಮೇಲೆ ಗುರ್ ಅನ್ನುತ್ತಲೇ ಇತ್ತು, ನನ್ನ ಸಾಕು ಅದಕ್ಕೆ ಕೇಳಿಸಲಿಲ್ಲ.

ಆಮೇಲೆ ಒಂದೊಂದೇ ಬರತೊಡಗಿದವು. ಪುಟ ಹಳದಿಯಾಗಿತ್ತು, ಯಾರೋ ಮಗು ಮೀಸೆ ಬರೆದಿತ್ತು, ಯಾರದೋ ಚಹಾ ಲೋಟದ ಗುಂಡನೆಯ ಕಲೆ ಇತ್ತು. ಆದರೆ ಅಕ್ಷರ ನಿನ್ನದು. ಬಿಡುವಿನಲ್ಲಿ ಕಂಟೇನರಿಗೆ ಒರಗಿ ನಿಂತು ಫೋನಿನಲ್ಲಿ ಪುಟ ತಿರುವುತ್ತಿದ್ದೆ. ಬಾಗಿಲಿನ ಚಿಲಕಕ್ಕೆ ನೀನು 'ಚ್ಳಕ್' ಅಂತ ಬರೆದಿದ್ದೆ. ಬಂದೂಕಿನ ಕುದುರೆಗೆ 'ಟ್ಳಕ್'. ಕೈಕೋಳಕ್ಕೆ 'ಗ್ಳಕ್'. ಎಲ್ಲ ಹತ್ತಿರ ಹತ್ತಿರ ಬಂದು ಬೇರೆ ಕಡೆಗೆ ತಿರುಗುತ್ತಿದ್ದವು. ಇಡೀ ಅಂಗಳದಲ್ಲಿ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತಿತ್ತು, ನಾನು ಒಂದೊಂದಕ್ಕೂ ಮನಸ್ಸಿನಲ್ಲೇ ನಿನ್ನ ಒತ್ತು ಹಾಕಿ ನೋಡುತ್ತಿದ್ದೆ.

ಸಿಕ್ಕಿದ್ದು ಪತ್ತೇದಾರನ ಒಂದು ಸಂಚಿಕೆಯ ಕೊನೆಯ ಪುಟದಲ್ಲಿ. ಅವನ ಮೇಲಧಿಕಾರಿ ಫೋನಿನಲ್ಲಿ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾನೆ. ಎಲ್ಲಿದ್ದೀಯ, ಏನಾಯಿತು, ಯಾಕೆ ಹೇಳುವುದಿಲ್ಲ, ಒಂದಾದರೂ ಮಾತಾಡು. ಬಲೂನಿನ ಮೇಲೆ ಬಲೂನು, ಚೌಕಟ್ಟಿನಲ್ಲಿ ಪತ್ತೇದಾರನ ಮುಖಕ್ಕೇ ಜಾಗವಿಲ್ಲ. ಮುಂದಿನ ಚೌಕಟ್ಟಿನಲ್ಲಿ ಅವನ ಕೈ ಮಾತ್ರ, ಫೋನಿನ ರಿಸೀವರನ್ನು ಮೆಲ್ಲಗೆ ಕೆಳಗಿಡುತ್ತಿದೆ. ಅದರ ಪಕ್ಕದಲ್ಲಿ, ಒತ್ತು ಗೆರೆಯಾಚೆಗೆ ಕಾಲು ಚಾಚಿಕೊಂಡು: ಕ್ಳಕ್. ಅದರ ಮುಂದಿನದರಲ್ಲಿ ಅವನು ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದಾನೆ. ಬಲೂನು ಇಲ್ಲ.

ಬೇರೆ ಸಂಚಿಕೆಗಳನ್ನೂ ತೆಗೆದು ನೋಡಿದೆ. ಎಲ್ಲಿ ರಿಸೀವರ್ ಕೆಳಗಿಟ್ಟರೂ ಅದೇ, ಬೇರೆ ಯಾವುದಕ್ಕೂ ಅದಲ್ಲ. ನಿನ್ನ ಕಾನೂನು ನೀನು ಮುರಿದಿರಲಿಲ್ಲ.

ಸಂಜೆ ಅಂದರೆ ನನ್ನ ಫೋನಿನ ಹೊತ್ತು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲವಲ್ಲ ಅಪ್ಪಾ. ನಾನು ಕರೆ ಮಾಡಿದ ಕೂಡಲೇ ಅಮ್ಮ ಪರದೆಯನ್ನು ನಿನ್ನ ಮೂಗಿಗೆ ಹಿಡಿಯುತ್ತಿದ್ದಳು. "ನೋಡಿ, ಯಾರು ಬಂದಿದ್ದು? ಹೆಸರು ಹೇಳಿ ನೋಡೋಣ." ವಸ್ತು ತೋರಿಸಿ ಹೆಸರು ಹೇಳಿಸಿ ಅಂತ ಡಾಕ್ಟರು ಹೇಳಿದ್ದರು, ನಾವು ಅದನ್ನೇ ಹಿಡಿದುಕೊಂಡೆವು. ಅಕ್ಕ ಪಕ್ಕದಿಂದ ಚಮಚ ಎತ್ತಿ ಹಿಡಿಯುತ್ತಿದ್ದಳು. ನಾನು ಇಲ್ಲಿಂದ, "ಹೇಳಪ್ಪಾ, ಚ... ಚಮ... ಆಮೇಲೆ?" ನೀನು ಬೆವರುತ್ತಿದ್ದೆ. ತುಟಿ ಎಳೆದುಕೊಂಡು ಹೋಗುತ್ತಿತ್ತು. ಜೀವಮಾನವೆಲ್ಲ ಬೇರೆಯವರ ಬಾಯಿಗೆ ಮಾತು ಹಾಕಿಕೊಟ್ಟವನ ಮುಂದೆ ಮೂರು ಜನ ಸೇರಿ ಚಮಚ ಆಡಿಸುತ್ತಿದ್ದೆವು. ನೀನು ಒಂದೇ ಮಾತು ಹೇಳುತ್ತಿದ್ದೆ, ಅದೂ ಸರಿಯಾಗಿ, ಒತ್ತಿನ ಸಮೇತ. ಫೋನು ಇಡು.

ನನ್ನ ಮೇಲೆ ಸಿಟ್ಟೋ, ಈ ಸ್ಥಿತಿಯಲ್ಲಿ ಮಗ ನೋಡುವುದು ಬೇಡ ಅಂತಲೋ, ಬರೀ ಆಯಾಸವೋ ಗೊತ್ತಿಲ್ಲ. ಅದನ್ನು ಹೇಳುವ ಚೌಕಟ್ಟು ಯಾವ ಸಂಚಿಕೆಯಲ್ಲೂ ಇಲ್ಲ. ಆಯಾಸ ಅಂತಲೇ ನಾನು ಅಂದುಕೊಂಡಿದ್ದೇನೆ, ಯಾಕೆಂದರೆ ಅದು ನನಗೂ ಗೊತ್ತಿರುವುದು.

ಮಾರನೆಯ ಸಂಜೆ ಕರೆ ಮಾಡಿದೆ. ಏನೂ ಕೇಳಲಿಲ್ಲ. ನೀನು ನನ್ನನ್ನು ನೋಡಿದೆ, ನಾನು ನಿನ್ನನ್ನು ನೋಡಿದೆ. ಅಕ್ಕ ಚಮಚಕ್ಕೆ ಕೈ ಹಾಕುವಷ್ಟರಲ್ಲಿ ನೀನು "ಕ್ಳಕ್" ಅಂದೆ. ನಾನು "ಆಯ್ತಪ್ಪಾ" ಅಂದು ಇಟ್ಟುಬಿಟ್ಟೆ. ಇಟ್ಟ ಮೇಲೆ, ತಪ್ಪು ಮಾಡಿದೆನಾ ಅಂದುಕೊಳ್ಳುತ್ತಾ ಒಂದೇ ಕಂಟೇನರಿನ ಅಂಕಿಯನ್ನು ಮೂರು ಸಲ ನೋಡಿದೆ. ಸ್ವಲ್ಪ ಹೊತ್ತಿಗೆ ಅಕ್ಕನೇ ಫೋನು ಮಾಡಿದಳು. "ಲೋ, ಏನು ಮಾಡಿದೆಯೋ? ಅಪ್ಪ ನಕ್ಕುಬಿಟ್ಟ ಕಣೋ! ಹೊಟ್ಟೆ ಕುಣಿಸ್ಕೊಂಡು ನಗ್ತಿದಾನೆ!" ಹಿಂದಿನಿಂದ ಅಮ್ಮನ ಗಲಾಟೆ. ಅವಳಿಗೆ ವಿಷಯ ತಿಳಿಸಿದಾಗ ಅವಳು ಮೊದಲು ಹೇಳಿದ್ದು, "ಅಯ್ಯೋ, ಒಂದು ಸದ್ದಿಗೆ ಎಷ್ಟು ಬಕೆಟ್ ನೀರು ಸುರಿದೆ ನಾನು! ಕೊಳಕು ಅಂತಿರ್ಲಿಲ್ವಾ ಇವರು?" ಆವತ್ತು ನಿನ್ನ ಅಂಗಿ ಬದಲಾಯಿಸದೆ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳಂತೆ.

ಹಾಗಾಗಿ ಇನ್ನು ಸಂಜೆ ಫೋನಿಲ್ಲ. ಕಾಗದ ಬರುತ್ತದೆ. ಕಾಗದ ಏನನ್ನೂ ಎತ್ತಿ ತೋರಿಸಿ ಹೆಸರು ಕೇಳುವುದಿಲ್ಲ. ಉತ್ತರ ಕೊಡಬೇಕಾಗಿಲ್ಲ, ಬೆವರಬೇಕಾಗಿಲ್ಲ. ಯಾವತ್ತಾದರೂ ನಿನಗೇ ನನ್ನನ್ನು ನೋಡಬೇಕು ಅನ್ನಿಸಿದರೆ ಫೋನು ಬಡಿದುಕೊಳ್ಳುವ ಸದ್ದು ಹೇಳು. ಅದಕ್ಕೆ ನೀನು 'ಟ್ರಿಣ್' ಅಂತ ಬರೆದಿದ್ದೀಯ, ಆ ಚೌಕಟ್ಟೂ ಸಿಕ್ಕಿದೆ. ಅಕ್ಕನಿಗೆ ಹೇಳಿಟ್ಟಿದ್ದೇನೆ. ನಾನು ಯಾವ ಸಾಲಿನಲ್ಲಿದ್ದರೂ ಎತ್ತುತ್ತೇನೆ.

ಫ್ಯೂಸ್ ಹೇಳಿದ, "ಸಿಕ್ತಲ್ಲ, ಇನ್ನು ಆರಿಸಿಬಿಡು. ಅದರ ಫ್ಯಾನಿನ ಸದ್ದಿಗೆ ನಂಗೆ ನಿದ್ದೆ ಬರಲ್ಲ." ಕೈ ಗುಂಡಿಯವರೆಗೂ ಹೋಗಿತ್ತು. ಆದರೆ ಮೊನ್ನೆಯಿಂದ ನೀನು ಬೆಳಿಗ್ಗೆ ಹೊತ್ತು "ಫುರ್ಕ್" ಅನ್ನುತ್ತಿದ್ದೀಯಂತೆ, ಅಳದೆ, ಗುದ್ದದೆ, ಕಿಟಕಿಯ ಕಡೆ ನೋಡುತ್ತಾ. ಅಮ್ಮ ಹಕ್ಕಿ ಅನ್ನುತ್ತಾಳೆ, ಅಕ್ಕ ನಶ್ಯ ಅನ್ನುತ್ತಾಳೆ. ಅದು ಇರುವ ಸಂಚಿಕೆ ಇನ್ನೂ ಬಂದಿಲ್ಲ, ಪಕ್ಕದಲ್ಲಿ 'ಬೇಕು' ಅಂತಲೇ ಇದೆ. ಪೆಟ್ಟಿಗೆ ಓಡುತ್ತಿರಲಿ ಬಿಡು. ಫ್ಯೂಸ್‌ಗೆ ಕಿವಿಗೆ ಹತ್ತಿ ಕೊಟ್ಟಿದ್ದೇನೆ.

ಬೂಟು ಬಿಚ್ಚುತ್ತೇನೆ ಈಗ. ತುಂಬ ಮಾತಾಡಿದೆ, ನಿನ್ನ ಬಲೂನಿಗೆ ಇದರಲ್ಲಿ ಅರ್ಧವೂ ಹಿಡಿಸುವುದಿಲ್ಲ. ಬೇಡದ ಮಾತನ್ನು ನೀನೇ ಕತ್ತರಿಸಿಕೋ. ಆಶೀರ್ವಾದವನ್ನು ಬಾಯಲ್ಲಿ ಹೇಳುವ ಕಷ್ಟ ಬೇಡ. ಈ ಕಾಗದದ ಮೇಲೆ ನಿನ್ನ ಎಡಗೈ ಒಂದು ಗಳಿಗೆ ಇಟ್ಟರೆ, ನನ್ನ ತಲೆಯ ಮೇಲೆ ಇಟ್ಟ ಹಾಗೆ ಅಂದುಕೊಂಡು ಮಲಗುತ್ತೇನೆ. ನಿನಗೂ ನೆಮ್ಮದಿಯ ನಿದ್ದೆ ಬರಲಿ.

ಈ ಸಲ ನೀನು ಹೇಳುವ ಮೊದಲೇ ನಾನೇ ಇಡುತ್ತಿದ್ದೇನೆ, ಒತ್ತು ಸರಿಯಾಗಿದೆಯಾ ನೋಡು.

ಕ್ಳಕ್.

ನಿನ್ನ ಸಣ್ಣವನು